ಕೈ ಒಣಗುವ ಹೊತ್ತಿನ ಗ್ರಂಥ

ಊಟದ ಪಂಕ್ತಿಯಲ್ಲಿ ಕುಳಿತವನ ಬಲಗೈಗೆ ಅಂಟಿದ ಅನ್ನದ ಅಗುಳು ಒಣಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಯಾವ ಶಾಸ್ತ್ರವೂ ಹೇಳಿದಂತಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾನು ಅಧಿಕಾರವಾಣಿಯಿಂದ ಮಾತಾಡಬಲ್ಲೆ. ಹುಳಿಯ ಪಾತ್ರೆ ಹಿಂದಿರುಗಿ, ಪಾಯಸದ ಪಾತ್ರೆ ಇನ್ನೂ ಅಡಿಗೆಮನೆಯ ಹೊಸ್ತಿಲು ದಾಟದ ಆ ಮಧ್ಯಂತರದಲ್ಲಿ ಮೊದಲು ತೋರುಬೆರಳ ತುದಿ ಬಿಗಿಯುತ್ತದೆ, ಆಮೇಲೆ ಹೆಬ್ಬೆರಳ ಮಗ್ಗುಲು, ಕೊನೆಗೆ ಅಂಗೈಯ ಗೆರೆಗಳು. ಅಷ್ಟಾಗುವುದರೊಳಗೆ ಗೋಡೆಗೊರಗಿ ಕುಳಿತ ಹಿರಿಯರೊಬ್ಬರು ತಲೆಯೆತ್ತಿ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸುತ್ತಾರೆ. ಆ ಕಣ್ಣು ಯಾರ ಮೇಲೆ ನಿಲ್ಲುತ್ತದೋ ಅವನು ಗ್ರಂಥ ಹೇಳಬೇಕು.

ಗ್ರಂಥವೆಂದರೆ ದಪ್ಪ ರಟ್ಟಿನ ಪುಸ್ತಕವೆಂದು ತಿಳಿದು ನೀವು ಗಾಬರಿಯಾಗಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಮನೆಗಳಲ್ಲಿ ಮದುವೆ ಮುಂಜಿಗಳ ಊಟದ ನಡುವೆ, ಕುಳಿತಲ್ಲಿಂದಲೇ ರಾಗವಾಗಿ ಹೇಳುವ ನಾಲ್ಕು ಸಾಲಿನ ಶ್ಲೋಕಕ್ಕೋ ಪದ್ಯಕ್ಕೋ ಆ ಭಾರಿ ಹೆಸರು. ಹೇಳುವವನು ಮುಗಿಸಿ ‘ನಮಃ ಪಾರ್ವತೀಪತಯೇ’ ಎಂದು ಎತ್ತಿಕೊಟ್ಟರೆ, ಇಡೀ ಪಂಕ್ತಿ ಬಾಯಲ್ಲಿದ್ದ ತುತ್ತನ್ನು ಒಂದು ದವಡೆಗೆ ಸರಿಸಿ ‘ಹರ ಹರ ಮಹಾದೇವ’ ಎನ್ನುತ್ತದೆ. ಅಲ್ಲಿಗೆ ಆ ಗ್ರಂಥ ಮುಗಿಯಿತು. ವೇದಿಕೆಯಿಲ್ಲ, ಮೈಕಿಲ್ಲ, ತಬಲಾ ಇಲ್ಲ. ಹಾಡುವವನ ಕೈ ಎಂಜಲು, ಎದುರಿಗೆ ಅರ್ಧ ಉಂಡ ಬಾಳೆಲೆ, ಕೇಳುವವರ ಕಿವಿ ಇವನ ಕಡೆಗಾದರೆ ಮೂಗು ಪಾಯಸದ ಕಡೆಗೆ. ಇದಕ್ಕಿಂತ ಉದಾರವಾದ ಸಭೆಯನ್ನು ಸಂಗೀತಗಾರನೊಬ್ಬ ಕನಸಿನಲ್ಲಿಯೂ ಬಯಸಲಾರ. ಆದರೆ ಈ ಸಭೆಗೆ ನಾನು ಹೆದರಿದಷ್ಟು ನನ್ನ ಮೂವತ್ತು ಚಿಲ್ಲರೆ ವರ್ಷಗಳ ಮಾಸ್ತರಿಕೆಯಲ್ಲಿ ಯಾವ ಶಾಲಾ ತಪಾಸಣೆಗೂ ಹೆದರಲಿಲ್ಲ.

ಹೆದರಿಕೆ ಮನುಷ್ಯನನ್ನು ಎಷ್ಟು ಜಾಣನನ್ನಾಗಿ ಮಾಡುತ್ತದೆಂಬುದಕ್ಕೆ ನಾನೇ ದೃಷ್ಟಾಂತ. ಹಿರಿಯರ ಕಣ್ಣು ಹೊರಟಿತೆಂದರೆ ನನಗೆ ಎಲೆಯ ತುದಿಯ ಉಪ್ಪಿನಕಾಯಿಯಲ್ಲಿ ಅಗಾಧ ಆಸಕ್ತಿ ಹುಟ್ಟುತ್ತಿತ್ತು. ಕೆಲವೊಮ್ಮೆ ನೀರು ನೆತ್ತಿಗೇರುತ್ತಿತ್ತು, ಅದೂ ಸಮಯಕ್ಕೆ ಸರಿಯಾಗಿ. ಇವೆಲ್ಲ ಹಳಸಿದ ಮೇಲೆ ನಾನು ಬಡಿಸುವವರ ಗುಂಪು ಸೇರಿಕೊಂಡೆ. ಪಾತ್ರೆ ಹಿಡಿದು ಓಡಾಡುವವನನ್ನು ಯಾರೂ ಗ್ರಂಥ ಹೇಳೆನ್ನುವುದಿಲ್ಲವಷ್ಟೆ. ‘ಮಾಸ್ತರು ಎಷ್ಟು ದೊಡ್ಡವರಾದರೂ ಸೊಂಟಕ್ಕೆ ಪಂಚೆ ಬಿಗಿದು ಬಡಿಸಲು ನಿಲ್ಲುತ್ತಾರೆ’ ಎಂದು ನಂಟರಲ್ಲಿ ನನಗೆ ಬಂದ ಕೀರ್ತಿಯ ಮೂಲ ಇದು. ಆ ಕೀರ್ತಿಯನ್ನು ನಾನು ಯಾವತ್ತೂ ಅಲ್ಲಗಳೆಯಲಿಲ್ಲ.

ಆದರೆ ಹಾಡು ಬೇಡವಾದವನಲ್ಲ ನಾನು. ಬೇಕಾದದ್ದಕ್ಕೆ ಅಲ್ಲವೇ ಮನುಷ್ಯ ಹೆದರುವುದು? ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಮನ್ಮನೆ ಎಂಬ ಊರಿನ ಸೋದರಮಾವನ ಮನೆಗೆ ಹೋದರೆ, ಸಂಜೆ ದೀಪ ಹಚ್ಚಿದ ಮೇಲೆ ಮಾವ ಜಗುಲಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಬಾಯಿಪಾಠ ಹೇಳಿಸುತ್ತಿದ್ದರು. ನಾವೆಂದರೆ ನಾನು ಮತ್ತು ಮಾವನ ಮಗ ಗಜಾನನ. ಸೋದರಮಾವನ ಮಗನಾದ್ದರಿಂದ ನಮ್ಮ ಪದ್ಧತಿಯಂತೆ ಅವನು ನನಗೆ ಭಾವ, ನಾನು ಅವನಿಗೆ ಭಾವ. ಚಡ್ಡಿ ಹಾಕುವ ವಯಸ್ಸಿನಿಂದ ಒಬ್ಬರನ್ನೊಬ್ಬರು ಭಾವ ಎಂದು ಕರೆದುಕೊಂಡು, ಒಬ್ಬರ ಕಾಲನ್ನೊಬ್ಬರು ಎಳೆದುಕೊಂಡು ಬೆಳೆದವರು ನಾವು. ಗಣಪತಿಯು ತಾಯಿಯ ಬಳಿ ಮೋದಕಕ್ಕೆ ಹಟ ಹಿಡಿಯುವ ನಾಲ್ಕು ಸಾಲಿನ ಪದ್ಯವೊಂದಿತ್ತು. ಮಾವನಿಗೆ ಅದು ಅವರ ಅಪ್ಪನಿಂದ ಬಂದದ್ದಂತೆ. ಜಗುಲಿಯಲ್ಲಿ ಅದನ್ನು ಭಾವನಿಗಿಂತ ನಾನೇ ಚೆನ್ನಾಗಿ ಹೇಳುತ್ತಿದ್ದೆನೆಂದು ಮಾವ ಅತ್ತೆಯ ಬಳಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಈ ವಯಸ್ಸಿನವರೆಗೂ ನನ್ನ ಸಂಗೀತಕ್ಕೆ ಸಿಕ್ಕ ಅತ್ಯುಚ್ಚ ಪ್ರಶಸ್ತಿ ಅದೇ.

ನನ್ನ ಮುಂಜಿಯ ಊಟದಲ್ಲಿ ಮೊದಲ ಗ್ರಂಥವನ್ನು ವಟುವೇ ಹೇಳಲೆಂದು ಮಾವ ಅಭಿಮಾನದಿಂದ ಸೂಚಿಸಿದರು. ಬೋಳಿಸಿದ ತಲೆ, ಹೊಸ ಜನಿವಾರ, ಎದುರಿಗೆ ಎರಡು ಸಾಲು ನಂಟರು. ನಾನು ಮೊದಲ ಸಾಲನ್ನು ಹೇಳಿದೆ. ಎರಡನೆಯ ಸಾಲಿನಲ್ಲಿ ಗಣಪತಿ ಕೈ ಚಾಚುವ ಜಾಗಕ್ಕೆ ಬರುತ್ತಿದ್ದಂತೆ ಎದುರಿನ ಸಾಲಿನಲ್ಲಿ ಯಾರೋ ಮುಗುಳ್ನಕ್ಕರು. ಮೆಚ್ಚಿ ನಕ್ಕಿರಬಹುದು, ಪಕ್ಕದವರ ಮಾತಿಗೆ ನಕ್ಕಿರಬಹುದು, ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿರಲೂಬಹುದು. ನನ್ನ ದನಿ ಮಾತ್ರ ಅಲ್ಲೇ ನಿಂತುಹೋಯಿತು. ಚಾಚಿದ ಕೈಗೆ ಮೋದಕ ಬೀಳದೆ ಗಣಪತಿ ಕಾಯುತ್ತಿರುವಾಗ ಪಕ್ಕದ ಎಲೆಯಿಂದ ಭಾವ ಮೂರನೆಯ ಸಾಲನ್ನು ಎತ್ತಿಕೊಂಡ. ಎಲ್ಲಿಯೂ ಎಳೆ ಕಡಿಯದಂತೆ, ಮೊದಲಿನಿಂದಲೂ ಇಬ್ಬರು ಸೇರಿ ಹೇಳುವ ಏರ್ಪಾಡೇ ಇತ್ತೇನೋ ಎಂಬಂತೆ ಹೇಳಿ ಮುಗಿಸಿ, ಪಾರ್ವತೀಪತಿಯನ್ನೂ ಅವನೇ ಕರೆದ. ಪಂಕ್ತಿ ಜೋರಾಗಿ ಹರ ಹರ ಎಂದಿತು. ನನ್ನ ಕೈ ಒಣಗಿ ಅಂಟಿಕೊಂಡಿತ್ತು.

ಅಂದಿನಿಂದ ಅದೊಂದು ಒಡಂಬಡಿಕೆಯಂತಾಯಿತು. ನಾನು ಬಡಿಸಲು ನಿಲ್ಲದ ಪಂಕ್ತಿಗಳಲ್ಲೆಲ್ಲ ನಾವಿಬ್ಬರೂ ಅಕ್ಕಪಕ್ಕ ಕೂರುವುದು. ಹಿರಿಯರ ಕಣ್ಣು ನನ್ನ ಮೇಲೆ ನಿಂತು ನನ್ನ ಕಿವಿ ಕೆಂಪಾಗುವುದರೊಳಗೆ ಭಾವ ಗಂಟಲು ಸರಿಮಾಡಿಕೊಂಡು ತಾನೇ ಶುರುಮಾಡಿಬಿಡುವುದು. ಅವನು ಯಾರಲ್ಲಿಯೂ ಸಂಗೀತ ಕಲಿತವನಲ್ಲ. ಶ್ರುತಿ ಹಿಡಿಯಲು ಅವನಿಗೆ ಬೇಕಾದದ್ದು ಒಂದು ಸಣ್ಣ ಕೆಮ್ಮು. ಆದರೆ ಆ ದನಿ ಊಟದ ಮನೆಯ ಗಲಾಟೆಯ ಮೇಲೆ ಎಷ್ಟು ನಿರಾಳವಾಗಿ ಹರಿಯುತ್ತಿತ್ತೆಂದರೆ ಬಡಿಸುವವರು ಸೌಟನ್ನು ಪಾತ್ರೆಯಲ್ಲಿಯೇ ಬಿಟ್ಟು ನಿಲ್ಲುತ್ತಿದ್ದರು. ಅವನು ಕಣ್ಣು ಮುಚ್ಚುತ್ತಿರಲಿಲ್ಲ, ಕೈ ಆಡಿಸುತ್ತಿರಲಿಲ್ಲ. ಎದುರಿಗೆ ಕುಳಿತವರನ್ನು ನೋಡುತ್ತ, ಮನೆಯ ಸುದ್ದಿ ಹೇಳುವವನಂತೆ ಹೇಳುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು ಅವನ ದನಿಯ ನೆರಳಿನಲ್ಲಿ ತಣ್ಣಗೆ ಉಣ್ಣುತ್ತಿದ್ದೆ.

ಮಾಸ್ತರಿಕೆ ಸಿಕ್ಕಿ ಯಲ್ಲಾಪುರದಲ್ಲಿ ಮನೆ ಮಾಡಿದೆ. ಶಾಲೆ ಇಡಗುಂದಿಯ ಕಡೆಗೆ. ಕನ್ನಡದ ಮಾಸ್ತರನಿಗೆ ಪದ್ಯವನ್ನು ಹಾಡಿ ಹೇಳುವ ಅವಕಾಶ ದಿನವೂ ಇರುತ್ತದೆ, ನಾನದನ್ನು ದಿನವೂ ತಪ್ಪಿಸಿಕೊಂಡೆ. ಎಂತೆಂಥ ಲಲಿತವಾದ ಷಟ್ಪದಿಗಳನ್ನು ನಾನು ಸೊಸೈಟಿಯ ನೋಟೀಸಿನಂತೆ ಓದಿ ಅರ್ಥ ಹೇಳಿದ್ದೇನೆಂದು ನೆನೆದರೆ ಆ ಕವಿಗಳ ಕ್ಷಮೆ ಕೇಳಬೇಕೆನಿಸುತ್ತದೆ. ಹಾಡುತ್ತಿದ್ದದ್ದು ಬಸ್ಸಿನಲ್ಲಿ. ಸಂಜೆಯ ಬಸ್ಸು ಏರನ್ನು ಹತ್ತುವಾಗ ಎಂಜಿನ್ನು ಒಂದೇ ಸಮನೆ ಗುಂಯ್‌ಗುಟ್ಟುತ್ತದಲ್ಲ, ಅದರ ಹೊಟ್ಟೆಯೊಳಗೆ ನನ್ನ ದನಿಯನ್ನು ಬಚ್ಚಿಟ್ಟು ಹಿಂದಿನ ಸೀಟಿನಲ್ಲಿ ಗಣಪತಿಯನ್ನು ಕರೆಯುತ್ತಿದ್ದೆ. ಒಮ್ಮೆ ಹೀಗೆ ಮೋದಕದ ತನಕ ಮುಟ್ಟಿದ್ದಾಗ ಚಾಲಕ ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ನು ನಿಲ್ಲಿಸಿದ. ನನ್ನ ದನಿಯೊಂದೇ ಬಸ್ಸಿನಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಜನರೆಲ್ಲ ತಿರುಗಿ ನೋಡಿದರು. ಕಂಡಕ್ಟರು ಹತ್ತಿರ ಬಂದು, ನಿಜವಾದ ಕಾಳಜಿಯಿಂದ, ಮಾಸ್ತರಿಗೆ ಹೊಟ್ಟೆನೋವೇ ಎಂದು ಕೇಳಿದ. ಹೌದೆಂದೆ. ಆತ ಕೊಟ್ಟ ಪುದೀನ ಗುಳಿಗೆಯನ್ನೂ ತಿಂದೆ.

ಈ ಕಥೆಯನ್ನು ನಾನು ಭಾವನಿಗೆ ಹೇಳಿದ್ದು ತ್ಯಾಗಲಿಯಲ್ಲಿ ನಂಟರ ಮದುವೆಯ ಊಟ ಮುಗಿಸಿ ಕೈ ತೊಳೆಯುವಾಗ. ಅವನು ನಗುತ್ತಾನೆಂದುಕೊಂಡಿದ್ದೆ. ನಕ್ಕ, ಆದರೆ ಸ್ವಲ್ಪ. ಚೊಂಬಿನ ನೀರನ್ನು ನನ್ನ ಕೈಗೆ ಹೊಯ್ಯುತ್ತ ಹೇಳಿದ:

“ಊರವರ ಗ್ರಂಥಕ್ಕೆಲ್ಲ ಹರ ಹರ ಹೇಳಿ ಆತು ಭಾವ. ನಿಂದಕ್ಕೆ ಒಂದ್ಸಲನೂ ಹೇಳಲೆ ಸಿಕ್ಕಿದ್ದಿಲ್ಲೆ. ಒಂದ್ಸಲ ನೀ ಹೇಳು. ಆನು ಬಾಯ್ತುಂಬ ಹೇಳ್ತೆ.”

ಅದು ಬೇಡಿಕೆಯೋ ಕೀಟಲೆಯೋ ಎಂದು ಮುಖ ನೋಡಿದೆ. ಕೀಟಲೆಯಲ್ಲ. ಇಷ್ಟು ವರ್ಷ ನನ್ನ ಪಾಲಿನದನ್ನು ಅವನು ಹೇಳುತ್ತ ಬಂದದ್ದು ನನಗೆ ಉಪಕಾರವಾಗಿ ಕಂಡಿತ್ತು; ಅವನಿಗೂ ಅದರಿಂದ ಏನೋ ತಪ್ಪಿಹೋಗುತ್ತಿದೆಯೆಂದು ನನಗೆ ಹೊಳೆದಿರಲಿಲ್ಲ. ಜಗುಲಿಯ ಮೇಲೆ ನಾನು ಹೇಳುತ್ತಿದ್ದ ಮೋದಕದ ಪದ್ಯ ಅವನ ಕಿವಿಯಲ್ಲಿ ಇನ್ನೂ ಇತ್ತೇನೋ. ನಿವೃತ್ತಿಯಾದ ಮೇಲೆ ಕಲಿತು ಹೇಳುತ್ತೇನೆ ಎಂದು ಮಾತುಕೊಟ್ಟೆ. ಮಾತು ಕೊಡುವಾಗ ನಿವೃತ್ತಿ ಇನ್ನೂ ಬಹಳ ದೂರವಿತ್ತು.

ನಿವೃತ್ತಿಯೂ ಬಂತು. ಶಿರಸಿಯಲ್ಲಿ ಮನೆ ಕಟ್ಟಿಸಿ ನೆಲೆಸಿದೆವು. ಪೇಟೆಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುವ ಗುರುಗಳೊಬ್ಬರಿದ್ದರು. ಹಾನಗಲ್ ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಕಿರಿಯರು. ನಾನು ಹೋಗಿ ಶಿಷ್ಯನಾಗಿ ಸೇರಿಸಿಕೊಳ್ಳಿ ಎಂದಾಗ ಅವರು ಮೊಮ್ಮಗಳನ್ನು ಸೇರಿಸಲು ಬಂದಿರಬೇಕೆಂದು ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು. ಮೊದಲ ತಿಂಗಳುಗಳೆಲ್ಲ ಬರೀ ಷಡ್ಜ. ಮೊಬೈಲಿನೊಳಗಿನ ತಂಬೂರಿ ಬಿಡುವಿಲ್ಲದೆ ಮಿಡಿಯುವುದು, ನಾನು ‘ಸಾ’ ಎಂದು ಬಾಯಿ ತೆರೆದು ಕೂರುವುದು. ಕೆಳಗಿನ ಬಟ್ಟೆ ಅಂಗಡಿಯ ಸಾಹೇಬರು ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು, ಆಡಿಕೊಳ್ಳುವ ಉದ್ದೇಶ ಎಳ್ಳಷ್ಟೂ ಇಲ್ಲದೆ, ಮುಂದಿನ ಅಕ್ಷರ ಯಾವಾಗ ಬರುತ್ತದೆಂದು ವಿಚಾರಿಸಿದರು.

ಆದರೆ ನಂಬಿ, ಅದು ನನ್ನ ಬದುಕಿನ ಸುಖದ ಕಾಲ. ಅಲುಗಾಡುತ್ತಿದ್ದ ಷಡ್ಜ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತಂಬೂರಿಯೊಳಗೆ ಹೋಗಿ ಕೂತಿತು. ನನ್ನ ದನಿ ಯಾವುದು ತಂಬೂರಿ ಯಾವುದು ಎಂದು ಕ್ಷಣಕಾಲ ನನಗೇ ತಿಳಿಯಲಿಲ್ಲ. ಗುರುಗಳು ಒಮ್ಮೆ ತಲೆಯಾಡಿಸಿದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವಳು ಒಗ್ಗರಣೆಗೆ ಸಾಸಿವೆ ಹಾಕುತ್ತ, ಹಾಗಾದರೆ ಇನ್ನು ಮೇಲೆ ಬಚ್ಚಲ ಬಾಗಿಲು ಹಾಕಿಕೊಳ್ಳದೆ ಹಾಡಬಹುದಲ್ಲ ಎಂದಳು. ಎರಡನೆಯ ವರ್ಷದ ಹೊತ್ತಿಗೆ ಆಲಾಪ ಕಲಿತೆ. ಒಂದು ಸ್ವರದಿಂದ ಇನ್ನೊಂದಕ್ಕೆ ಅವಸರವಿಲ್ಲದೆ ನಡೆದುಹೋಗುವ ಆ ಸಾವಕಾಶದ ಬೆಡಗು ನನಗೆ ಹುಚ್ಚು ಹಿಡಿಸಿತು. ನನ್ನ ಸರ್ವನಾಶಕ್ಕೆ ಕಾರಣವಾದದ್ದೂ ಅದೇ.

ಸಿದ್ದಾಪುರದ ನಂಟರೊಬ್ಬರ ಗೃಹಪ್ರವೇಶದ ಊಟ. ನಾನು ಆ ದಿನ ಬಡಿಸಲು ನಿಲ್ಲಲಿಲ್ಲ. ಭಾವನ ಪಕ್ಕದಲ್ಲಿಯೇ ಕುಳಿತು, ಹಿರಿಯರ ಕಣ್ಣು ಹೊರಡುವ ಮೊದಲೇ ಇವತ್ತು ನಾನು ಎಂದು ಅವನ ಕಿವಿಯಲ್ಲಿ ಹೇಳಿದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಾಯಲ್ಲಿದ್ದ ತುತ್ತನ್ನು ನುಂಗಿ, ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಹರ ಹರ ಹೇಳಲು ಅವನು ಸಿದ್ಧನಾದ. ನಾನೂ ಸಿದ್ಧನಾದೆ. ಎರಡು ವರ್ಷ ಕಲಿತದ್ದನ್ನು ಮೋದಕಕ್ಕೆ ನೇರವಾಗಿ ಸುರಿಯುವುದೆಂತು? ಮೊದಲು ರಾಗದ ಬಾಗಿಲು ತೆರೆಯೋಣವೆಂದು, ಪದ್ಯಕ್ಕೆ ಪೀಠಿಕೆಯಾಗಿ, ಕಣ್ಣು ಮುಚ್ಚಿ ಬರೀ ‘ಆ’ಕಾರದಲ್ಲಿ ಆಲಾಪ ಆರಂಭಿಸಿದೆ. ಷಡ್ಜ ಅಲುಗದೆ ನಿಂತಿತು. ನಿಷಾದದವರೆಗೆ ಹೋಗಿ ಬಂದೆ. ಗಾಂಧಾರವನ್ನು ಮುಟ್ಟಿ, ತಡವಿ, ಅದರ ಬೆನ್ನು ಸವರಿ, ತಿರುಗಿ ಷಡ್ಜಕ್ಕೆ ಬಂದು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ನಮ್ಮ ಪಂಕ್ತಿಗಳಲ್ಲಿ ಹಾಡು ನಿಂತಿತೆಂದರೆ ಗ್ರಂಥ ಮುಗಿಯಿತೆಂದೇ ಅರ್ಥ. ಪಾಯಸದ ಬಿಸಿ ಪಾತ್ರೆಯನ್ನು ಹಿಡಿದು ನನ್ನ ಆಲಾಪದುದ್ದಕ್ಕೂ ಬಾಗಿಲಲ್ಲಿ ಬೆರಳು ಸುಟ್ಟುಕೊಂಡು ನಿಂತಿದ್ದ ಬಡಿಸುವವರಲ್ಲೊಬ್ಬರು, ಆ ನಿಲುಗಡೆ ಸಿಕ್ಕಿದ್ದೇ ತಡ, ನನ್ನ ಪರವಾಗಿ ತಾವೇ ‘ನಮಃ ಪಾರ್ವತೀಪತಯೇ’ ಎಂದು ಕೂಗಿದರು. ಪಂಕ್ತಿಯೆಲ್ಲ ಏಕಕಂಠದಿಂದ ‘ಹರ ಹರ ಮಹಾದೇವ’ ಎಂದಿತು. ನಾನು ಕಣ್ಣು ತೆರೆಯುವಾಗ ನನ್ನ ಎಲೆಯ ಮೇಲೆ ಪಾಯಸ ಹರಿಯುತ್ತಿತ್ತು. ಒಂದಕ್ಷರವೂ ಇಲ್ಲದ ಗ್ರಂಥವನ್ನು ಹೇಳಿದವನು ಈ ಮೂರು ತಾಲೂಕುಗಳಲ್ಲಿ ನಾನೊಬ್ಬನೇ ಇರಬೇಕು. ಎದುರು ಸಾಲಿನ ಹಿರಿಯರೊಬ್ಬರು ಮೆಚ್ಚಿಗೆಯಿಂದ, ಚೆನ್ನಾಗಿತ್ತು, ಯಾವ ಭಾಷೆ ಎಂದು ಕೇಳಿದರು.

ಇಷ್ಟರ ನಡುವೆ ನಾನು ನೋಡಿದ್ದು ಭಾವನನ್ನು. ಎಲ್ಲರೂ ಹರ ಹರ ಎನ್ನುವಾಗ ಅವನು ಬಾಯಿ ಬಿಗಿಹಿಡಿದು ಕುಳಿತಿದ್ದ. ಕೈ ತೊಳೆಯುವಲ್ಲಿ ನಾನು ತಲೆ ತಗ್ಗಿಸಿ ನಿಂತಾಗ ನನ್ನ ಭುಜ ಮುಟ್ಟಿದ.

“ಅದು ಗ್ರಂಥ ಅಲ್ಲ ಭಾವ. ಅದ್ಕೆ ಆನು ಹರ ಹರ ಹೇಳಿದ್ನಿಲ್ಲೆ. ನಿಂದು ಇನ್ನೂ ಹಂಗೇ ಬಾಕಿ ಇದ್ದು.”

ಸಮಾಧಾನಕ್ಕೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕಿತ್ತು? ಮುಂದಿನ ತಿಂಗಳೇ ಇನ್ನೊಂದು ಪಂಕ್ತಿಯಿತ್ತು. ಆಲಾಪ ಬಿಟ್ಟು ಪದ್ಯಕ್ಕೇ ಕೈ ಹಾಕಿದ್ದರೆ ಮುಗಿದುಹೋಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಕಲಿತವನ ಅಭಿಮಾನವೆಂಬುದು ಕಲಿಯದವನ ಹೆದರಿಕೆಗಿಂತ ಕೆಟ್ಟದ್ದು ನೋಡಿ. ಮೊದಲು ನನಗೆ ಬರುವುದಿಲ್ಲವೆಂದು ಹೆದರುತ್ತಿದ್ದೆ. ಈಗ ಬರುವುದು ಇವರಿಗೆಲ್ಲ ಗೊತ್ತಾಗದೆ ಹೋದರೆ ಎಂದು ಹೆದರತೊಡಗಿದೆ. ಇನ್ನೂ ಸ್ವಲ್ಪ ಪಕ್ವವಾಗಲಿ ಎಂದುಕೊಂಡೆ. ಮಹಡಿ ಹತ್ತುವುದನ್ನು ಹೆಚ್ಚಿಸಿದೆ. ಗುರುಗಳಿಗೇ ಕೊನೆಗೆ ಬೇಸರ ಬಂದಿರಬೇಕು. ಒಂದು ಸಂಜೆ ಮೊಬೈಲಿನ ತಂಬೂರಿ ನಿಲ್ಲಿಸಿ ಹೇಳಿದರು:

“ಸರ, ಇನ್ನ ಇಲ್ಲಿ ಕುಂತು ಎಷ್ಟ ಹಾಡಿದ್ರೂ ಇಷ್ಟ. ಮಂದಿ ಮುಂದ ಹೋಗಿ ಹಾಡ್ರಿ. ತಪ್ಪಿದ್ರ ತಪ್ಪಲಿ.”

ಆಗಲಿ ಎಂದು ತಲೆಯಾಡಿಸಿ, ಮರುದಿನ ಮತ್ತೆ ಅಲ್ಲಿಯೇ ಹೋಗಿ ಕುಳಿತೆ. ಮಂದಿಯ ಮುಂದೆ ಹೋಗಬೇಕಾದಾಗಲೆಲ್ಲ ನನಗೊಂದು ಕಾರಣ ಸಿಗುತ್ತಿತ್ತು. ಒಮ್ಮೆ ನೆಗಡಿ, ಒಮ್ಮೆ ಆ ಮನೆಯ ಮಿಕ್ಸರಿನ ಶ್ರುತಿ ನನ್ನ ಶ್ರುತಿಗೆ ಹೊಂದದಿದ್ದದ್ದು, ಒಮ್ಮೆ ಟೇಬಲ್ಲಿನ ಊಟ, ನೆಲದ ಮೇಲೆ ಕೂರದೆ ನಾಭಿಯಿಂದ ದನಿ ಬರುವುದಿಲ್ಲವೆಂಬ ಸಿದ್ಧಾಂತ. ಭಾವ ಪ್ರತಿ ಸಲವೂ ನನ್ನತ್ತ ಒಮ್ಮೆ ನೋಡುತ್ತಿದ್ದ. ನಾನು ಮುಂದಿನ ಸಲ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದೆ. ಅವನು ಸಣ್ಣಗೆ ಕೆಮ್ಮಿ ತಾನೇ ಶುರುಮಾಡುತ್ತಿದ್ದ.

ಆ ಕೆಮ್ಮು ದೊಡ್ಡದಾದದ್ದು ನಮ್ಮಲ್ಲಿ ಯಾರ ಗಮನಕ್ಕೂ ಬರಲಿಲ್ಲ. ದನಿ ಒಡೆದಾಗಲೂ ನೆಗಡಿಯೆಂದೆವು. ಅವನ ಎಲೆಯಡಿಕೆಯ ಕವಳದ ಸಂಚಿಯ ಮೇಲೆ ಹೊಣೆ ಹೊರಿಸಿ ಗೇಲಿ ಮಾಡಿದೆವು. ಹುಬ್ಬಳ್ಳಿಯ ಡಾಕ್ಟರರು ನೋಡಿ, ಗಂಟಲಲ್ಲಿ ಗಡ್ಡೆಯಿದೆ, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಬೇಕು ಎಂದರು. ಜೀವಕ್ಕೆ ಭಯವಿಲ್ಲ, ಮಾತು ಹೋಗುತ್ತದೆ ಎಂಬುದು ಅವನಿಗೂ ನಮಗೂ ಸ್ಪಷ್ಟವಾಗಿ ಗೊತ್ತಿತ್ತು.

ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೋಗುವ ದಿನ ಮನ್ಮನೆಯಿಂದ ಬಂದವನು ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಉಳಿದ. ಅವನ ಹೆಂಡತಿ ಪೇಟೆಗೆ ಹೋಗಿದ್ದಳು. ಅಡಿಗೆಮನೆಯ ನೆಲದ ಮೇಲೆ ಎರಡೇ ಎಲೆ, ಬಡಿಸಲು ನನ್ನ ಹೆಂಡತಿ. ಅನ್ನ ಆಯಿತು, ಹುಳಿ ಆಯಿತು. ಹುಳಿಯ ಅನ್ನ ಮುಗಿಸಿದವನು ಮುಂದೆ ಬಡಿಸಿಕೊಳ್ಳಲಿಲ್ಲ. ಕೈಯನ್ನು ಎಲೆಯ ಅಂಚಿಗೆ ಆನಿಸಿ ನನ್ನನ್ನು ನೋಡುತ್ತ ಕುಳಿತ. ಅವನ ಬೆರಳಲ್ಲಿ ಅಗುಳು ಒಣಗುವುದು ನನಗೆ ಕಾಣುತ್ತಿತ್ತು. ಅವನು ಏತಕ್ಕೆ ಕಾಯುತ್ತಿದ್ದಾನೆಂದು ಕೇಳಬೇಕಾದ ಅಗತ್ಯವಿರಲಿಲ್ಲ. ಒಡೆದದ್ದಾದರೂ ಅವನಲ್ಲಿ ಆಗ ದನಿಯಿತ್ತು.

ನಾನು ಬಾಯಿ ತೆರೆದೆ. ತೆರೆದು, ಹುಬ್ಬಳ್ಳಿ ಬಸ್ಸು ಎಷ್ಟು ಹೊತ್ತಿಗೆ, ಸೀಟು ಸಿಗಬಹುದೇ ಎಂದು ಕೇಳಿದೆ. ಏಕೆ ಹಾಗೆ ಮಾಡಿದೆನೆಂದು ಆಮೇಲೆ ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಈಗ ಹಾಡಿದರೆ ಇದೇ ಕೊನೆಯೆಂದು ಒಪ್ಪಿಕೊಂಡಂತಾಗುತ್ತದೆ ಎನಿಸಿತ್ತೇ? ಅವನೆದುರು ಅತ್ತುಬಿಟ್ಟೇನೆಂದು ಹೆದರಿದೆನೇ? ಎರಡೂ ಇದ್ದಿರಬಹುದು. ಆದರೆ ನಿಮ್ಮಲ್ಲಿ ಮುಚ್ಚಿಡುವುದೇನು, ಆ ಹೊತ್ತಿನಲ್ಲಿಯೂ ನನ್ನ ಮನಸ್ಸಿನ ಒಂದು ಮೂಲೆ, ತಂಬೂರಿಯಿಲ್ಲದೆ ಷಡ್ಜ ಸಿಗುತ್ತದೋ ಇಲ್ಲವೋ ಎಂದು ಹುಡುಕುತ್ತಿತ್ತು. ಭಾವ ಬಸ್ಸಿನ ಹೊತ್ತು ಹೇಳಿದ. ಎಲೆಯ ಅಂಚಿನಿಂದ ಕೈ ತೆಗೆದು, “ಮಜ್ಜಿಗೆ ಬಡ್ಸು ತಂಗಿ” ಎಂದು ನನ್ನ ಹೆಂಡತಿಗೆ ಹೇಳಿದ. ಅವನ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು. ಅವನು ಹೊರಟ ಮೇಲೆ ಹೆಂಡತಿ ಎಲೆ ಎತ್ತುತ್ತ, ನಿಮ್ಮ ಸಂಗೀತ ಇದಕ್ಕೂ ಆಗಲಿಲ್ಲವಲ್ಲ ಎಂದಳು. ಅವಳು ಅಳುತ್ತಿದ್ದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಭಾವ ಮನೆಗೆ ಬಂದ, ಮೈಗೂಡಿದ, ಉಣ್ಣುವಂತಾದ. ಕುತ್ತಿಗೆಯ ಬುಡದಲ್ಲಿ ಉಸಿರಾಟಕ್ಕೊಂದು ದಾರಿ ಮಾಡಿದ್ದಾರೆ. ಅದರ ಮೇಲೆ ಸದಾ ಒಂದು ತೆಳು ಬಿಳಿ ಬಟ್ಟೆ ಇಳಿಬಿಟ್ಟಿರುತ್ತದೆ. ತುಟಿಯಾಡಿಸಿ, ಕೈಸನ್ನೆ ಮಾಡಿ ಹೇಳಬೇಕಾದ್ದನ್ನು ಹೇಳುತ್ತಾನೆ. ಕೀಟಲೆಯೂ ಸನ್ನೆಯಲ್ಲಿಯೇ ನಡೆಯುತ್ತದೆ. ನಾನು ಮಾತ್ರ ಮಹಡಿ ಹತ್ತುವುದನ್ನು ಬಿಟ್ಟೆ. ಗುರುಗಳು ಎರಡು ಸಲ ಫೋನು ಮಾಡಿದರು, ಮಂಡಿನೋವೆಂದೆ.

ಅವನು ಗುಣವಾದದ್ದಕ್ಕೆ ಅವನ ಹೆಂಡತಿ ಹರಕೆ ಹೇಳಿಕೊಂಡಿದ್ದ ಸತ್ಯನಾರಾಯಣ ಪೂಜೆ ಕಳೆದ ತಿಂಗಳು ಮನ್ಮನೆಯಲ್ಲಾಯಿತು. ನಾವು ಬಾಯಿಪಾಠ ಕಲಿತ ಅದೇ ಜಗುಲಿಯಲ್ಲಿ ಪಂಕ್ತಿ. ಅಕ್ಕಪಕ್ಕ ನಾವಿಬ್ಬರು. ಹುಳಿಯ ಪಾತ್ರೆ ಹಿಂದಿರುಗಿತು. ಗೋಡೆಗೊರಗಿದ ಹಿರಿಯರು ರೂಢಿಯಂತೆ ತಲೆಯೆತ್ತಿ, ರೂಢಿಯಂತೆಯೇ ಭಾವನತ್ತ ನೋಡಿ, ತಟ್ಟನೆ ನೆನಪಾಗಿ ಕಣ್ಣು ಕೆಳಗಿಳಿಸಿದರು. ಬೇರೆ ಯಾರೂ ಬಾಯಿ ತೆರೆಯಲಿಲ್ಲ. ಅವನು ಹೇಳುತ್ತಿದ್ದ ಮನೆಯಲ್ಲಿ, ಅವನೆದುರಿಗೆ, ಮೊದಲು ಯಾರು ಹೇಳುವುದು? ಸೌಟಿನ ಸದ್ದೂ ನಿಂತಿತು. ಭಾವ ತನ್ನ ಎಲೆಯನ್ನೇ ನೋಡುತ್ತಿದ್ದ, ಉಪ್ಪಿನಕಾಯಿಯಲ್ಲಿ ಏನೋ ಆಸಕ್ತಿ ಇರುವವನಂತೆ. ಆ ನೋಟವನ್ನು ನಾನು ಬಲ್ಲೆ.

ಆಗ ನಾನು ಹೇಳಿದೆ. ಶ್ರುತಿ ಹುಡುಕಲಿಲ್ಲ, ಕಣ್ಣು ಮುಚ್ಚಲಿಲ್ಲ, ಆಲಾಪದ ಮಾತಂತೂ ಇಲ್ಲ. ಮೋದಕಕ್ಕೆ ಹಟ ಹಿಡಿದ ಗಣಪತಿಯಿಂದಲೇ ನೇರವಾಗಿ ಶುರುಮಾಡಿದೆ. ಮೊದಲ ಸಾಲಿನಲ್ಲಿ ದನಿ ನಡುಗಿತು, ಎರಡನೆಯದರಲ್ಲಿ ನೆಲೆ ಹಿಡಿಯಿತು. ಕೈ ಚಾಚುವ ಜಾಗ ಬಂತು, ದಾಟಿತು. ಮೂರನೆಯ ಸಾಲಿನಲ್ಲಿ ನನ್ನ ಷಡ್ಜ, ಮಹಡಿಯ ಮೇಲೆ ವರ್ಷಗಟ್ಟಲೆ ಕೂತು ಕಾದ ಆ ಷಡ್ಜ, ಯಾರೂ ಕರೆಯದೆ ತಾನಾಗಿ ಬಂದು ಕೂತಿತು. ಚೆನ್ನಾಗಿ ಹಾಡಿದೆ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ಅದು ನಿಜ. ನಾಲ್ಕನೆಯ ಸಾಲು ಮುಗಿಸಿ, ಎದೆ ತುಂಬಿ, ಪಾರ್ವತೀಪತಿಯನ್ನು ಕರೆದೆ.

ಜಗುಲಿ ನಡುಗುವಂತೆ ಪಂಕ್ತಿ ‘ಹರ ಹರ ಮಹಾದೇವ’ ಎಂದಿತು. ನಾನು ಭಾವನತ್ತ ತಿರುಗಿದೆ. ಅವನು ತಲೆಯೆತ್ತಿ, ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದು, ಬಾಯಿ ಪೂರ್ತಿ ತೆರೆದಿದ್ದ. ಅಷ್ಟು ದೊಡ್ಡದಾಗಿ ಬಾಯಿ ತೆರೆದು ಅವನು ಯಾವ ಗ್ರಂಥಕ್ಕೂ ಹರ ಹರ ಹೇಳಿದ್ದನ್ನು ನಾನು ಕಂಡಿಲ್ಲ. ಕುತ್ತಿಗೆಯ ಮೇಲಿನ ಬಿಳಿ ಬಟ್ಟೆ ಒಮ್ಮೆ ಉಬ್ಬಿ, ಕೆಳಗೆ ಬಿತ್ತು.

ಎಲ್ಲರೂ ಸುಮ್ಮನಾದ ಮೇಲೂ ಅವನ ಬಾಯಿ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಪಾಯಸ ಬಂತು. ನನ್ನ ಕೈಯ ಅಗುಳು ಇನ್ನೂ ಹಸಿಯಾಗಿಯೇ ಇತ್ತು. ನಾಲ್ಕು ಸಾಲು ಹೇಳಿ ಮುಗಿಸಲು ಬೇಕಾದದ್ದು ಅಷ್ಟೇ ಹೊತ್ತು.